ಬನಪ್ಪ ಅರ್ಧಕ್ಕೆ ಇಳಿಸಿ ತಂದ ಲೈನು

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂಬ ಮಾತನ್ನು ಚೌಡವ್ವ ಮೊದಲ ಸಲ ಕೇಳಿದ್ದು ಆರನೆಯ ವಯಸ್ಸಿನಲ್ಲಿ, ಅವ್ವನ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಾಗ. ಕೇಳಿದ ಕೂಡಲೇ ಅವಳಿಗೊಂದು ಸಂಶಯ ಬಂದಿತ್ತು. "ಯವ್ವಾ, ನೇಯವ್ರು ನಾವ ಅಲ್ಲೇನು? ಹಾಸಿಗಿ ಸಾಲದಿದ್ರ ಇನ್ನೊಂದು ಗೇಣು ಉದ್ದ ನೇದ್ರಾತು." ಅದಕ್ಕೆ ಉತ್ತರವಾಗಿ ತಲೆಯ ಮೇಲೊಂದು ಮೊಟಕು ಬಿದ್ದಿತ್ತು. ಸಂಶಯ ಮಾತ್ರ ಹೋಗಿರಲಿಲ್ಲ.

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಈ ಚೌಡವ್ವನಿಗೆ ಒಬ್ಬನೇ ಮಗ, ಹೆಸರು ಬನಪ್ಪ, ವಯಸ್ಸು ಇಪ್ಪತ್ತೆರಡು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವುದು ಅವನ ಗುಣ. ಅವನ ದೋಷವೂ ಅದೇ. ಗಂಡ ತೀರಿಕೊಂಡ ಮೇಲೆ ನೆಲ ತೋಡಿ ಹೂಡಿದ ಕುಣಿಮಗ್ಗಕ್ಕೆ ಇಳಿದವಳು ಚೌಡವ್ವ. ಏನು ಹೇಳಿದರೆ ಏನು ನೇದಾನೋ ಎಂದು, ಮಗನನ್ನು ಆ ಕುಣಿಗೆ ಇಳಿಸಲು ಅವಳಿಗೆ ಧೈರ್ಯವಿರಲಿಲ್ಲ. ಹರಿದ ಎಳೆ ಕೂಡಿಸುವ ಕೆಲಸವೊಂದನ್ನು ಮಾತ್ರ ಕಲಿಸಿದ್ದಳು. "ಎಳಿ ಹರದ್ರ ನನ್ನ ಕರೀಬ್ಯಾಡ. ತುದಿಗೆ ತುದಿ ಹಚ್ಚು, ಗಂಜಿ ಸವರು, ಒಣಗಗೊಡು. ಎಲ್ಲಿ ಹರದಿತ್ತು ಅನ್ನೂದು ದೇವರಿಗೂ ತಿಳೀಬಾರದು."

ಹುಬ್ಬಳ್ಳಿಯ ಬಟ್ಟೆ ಅಂಗಡಿಯ ಇಂದಿರಾಬಾಯಿ ಖಣಗಳನ್ನು ಫೋನಿನ ವಿಡಿಯೋದಲ್ಲಿಯೇ ನೋಡಿ ಆರಿಸುವವರು. ಹೋದ ಸಲ ಚೌಡವ್ವನ ಮೊಬೈಲಿನಲ್ಲಿ ಚಿತ್ರ ನಡುವೆಯೇ ನಿಂತುಬಿಟ್ಟಿತು. ಕುಂಕುಮ ಬಣ್ಣದ ಖಣ ಅವರ ಕಣ್ಣಿಗೆ ಕೆಮ್ಮಣ್ಣಿನ ಹಾಗೆ ಕಂಡಿತು. ಕೆಲಸ ಹಿಂದಿನ ಓಣಿಯ ನೇಕಾರರಿಗೆ ಹೋಯಿತು. ಈಗ ಮದುವೆಯ ಕಾಲಕ್ಕೆ ಇನ್ನೂರು ಖಣ ಬೇಕೆಂದಿದ್ದಾರೆ, ಸೋಮವಾರ ಹನ್ನೊಂದು ಗಂಟೆಗೆ ನೋಡುತ್ತೇವೆಂದಿದ್ದಾರೆ. ಇನ್ನೂರು ಖಣವೆಂದರೆ ಚೌಡವ್ವನ ಮನೆಗೆ ನಾಲ್ಕು ತಿಂಗಳ ಅನ್ನ. ಆದ್ದರಿಂದ ಮನೆಗೊಂದು ಇಂಟರ್ನೆಟ್ ಲೈನು ಹಾಕಿಸುವುದೆಂದು ಅವಳು ನಿಶ್ಚಯಿಸಿದಳು. ಮಗ್ಗದ ಮೇಲಿನ ಆನೆಹೆಜ್ಜೆ ಚಿತ್ತಾರದ ಖಣ ಅರ್ಧಕ್ಕೆ ನಿಂತಿತ್ತು. ಅದನ್ನು ಬಿಟ್ಟು ಏಳುವಂತಿರಲಿಲ್ಲ.

"ಬನಪ್ಪಾ, ಬಸ್ ಸ್ಟ್ಯಾಂಡ್ ಎದುರಿನ ಕೇಬಲ್ ಆಫೀಸಿಗೆ ಹೋಗು. ಮನಿಗೆ ಲೈನು ಬೇಕು ಅನ್ನು. ಅವ್ರು ಎಷ್ಟು ಹೇಳಿದ್ರೂ ಅರ್ಧಕ್ಕ ಕೇಳು. ಸಂತ್ಯಾಗ ಕೇಳೂದಿಲ್ಲೇನು, ಹಂಗ."

ಬನಪ್ಪ ಹೋದ. ಮೇಜಿನ ಹಿಂದಿದ್ದ ಹೆಣ್ಣುಮಗಳು ಹೇಳಿದಳು, "ತಿಂಗಳಿಗೆ ಐನೂರು ರೂಪಾಯಿ, ನಲವತ್ತರ ಸ್ಪೀಡು."

"ಅರ್ಧ ಮಾಡ್ರಿ."

"ಐನೂರು ಅರ್ಧ ಆಗೂದಿಲ್ಲಣ್ಣ."

"ಹಂಗಾದ್ರ ನಲವತ್ತನ್ನರ ಅರ್ಧ ಮಾಡ್ರಿ."

ಅವಳು ಅವನ ಮುಖ ನೋಡಿದಳು. "ಇಪ್ಪತ್ತರದೈತಿ, ನಾನೂರಕ್ಕ."

"ಅದರಾಗೂ ಅರ್ಧ."

"ಹತ್ತರದೊಂದು ಹಳೇ ಪ್ಲಾನ್ ಐತಿ, ಮುನ್ನೂರೈವತ್ತು. ಯಾರೂ ತಗೊಳೂದಿಲ್ಲ."

"ನಾವು ತಗೋತೀವ್ರಿ."

"ಎರಡು ದಿನದಾಗ ಹಾಕಿಸ್ತೀವಿ."

"ಒಂದು ದಿನ ಮಾಡ್ರಿ."

"ಆಗ್ಲಿ. ಮೂವತ್ತು ಮೀಟರ್ ವೈರು ಪುಕ್ಕಟೆ."

"ಹದಿನೈದು ಮಾಡ್ರಿ."

ಆ ಹೆಣ್ಣುಮಗಳು ತನ್ನ ಕೆಲಸದಲ್ಲಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಹದಿನೈದೆಂದು ಬರೆದುಕೊಟ್ಟಳು. ಮನೆಗೆ ಬಂದು ಬನಪ್ಪ ಚೀಟಿಯನ್ನು ಅವ್ವನ ಕೈಗಿತ್ತ. "ಎಲ್ಲಾ ಇಳಿಸೀನಿ ಯವ್ವ. ರೊಕ್ಕ ಮಾತ್ರ ಪೂರಾ ಇಳೀಲಿಲ್ಲ."

ಚೌಡವ್ವ ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಚೀಟಿಯನ್ನು ಎರಡು ಸಲ ಓದಿದಳು. "ರೊಕ್ಕ ಇಳಿಸು ಅಂದ್ರ ಸ್ಪೀಡ್ ಇಳಿಸಿ ಬಂದೀಯಲ್ಲೋ. ತೂಕದಾಗ ಕಡಿಮಿ ಕೊಡ್ರಿ ಅಂತ ಸಂತ್ಯಾಗ ಯಾರರ ಕೇಳ್ತಾರೇನು? ಹೋಗು, ತಿರುಗಿ ಹೋಗು. ಸ್ಪೀಡ್ ಎಷ್ಟು ಅಂದ್ರೂ ಎರಡರಷ್ಟು ಕೇಳು. ಅಲ್ಲಿಗೆ ನಿಲ್ಲಬ್ಯಾಡ, ಮತ್ತ ಎರಡರಷ್ಟು ಕೇಳು."

ಬನಪ್ಪ ತಿರುಗಿ ಹೋದ. ಅಷ್ಟರಲ್ಲಿ ಲೈನ್‌ಮನ್ ದಾದಾಪೀರ ಇಂಟರ್ನೆಟ್ಟಿನ ಡಬ್ಬಿ, ವೈರು ಕಟ್ಟಿಕೊಂಡು ಇವರ ಮನೆಗೇ ಹೊರಟು ಸ್ಕೂಟರ್ ಚಾಲೂ ಮಾಡಿದ್ದ. "ನೀನ ಚೌಡವ್ವನ ಮಗ ಏನೋ? ಹತ್ತು, ಮನಿ ತೋರಿಸು" ಎಂದ. ಬನಪ್ಪ ಹಿಂದೆ ಹತ್ತಿದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ಸ್ಪೀಡ್ ಎಷ್ಟೈತ್ರಿ?"

"ಇಪ್ಪತ್ತು. ಓಣಿ ಸಣ್ಣದೈತಿ."

"ನಲವತ್ತು ಮಾಡ್ರಿ."

ದಾದಾಪೀರ ನಕ್ಕ. ನಕ್ಕನೇ ಹೊರತು ಮಾಡಲಿಲ್ಲ. ಬನಪ್ಪ ಅವನ ಹೆಗಲ ಮೇಲಿಂದ ಕೈ ಚಾಚಿ ಹಿಡಿಕೆಯನ್ನು ತಾನೇ ತಿರುವಿದ. ನಲವತ್ತಾಯಿತು. ಅವ್ವ ಅಲ್ಲಿಗೆ ನಿಲ್ಲಬೇಡವೆಂದಿದ್ದಳು, ಅವನು ನಿಲ್ಲಲಿಲ್ಲ. ಸ್ಕೂಟರು ಮಾತ್ರ ಬಣ್ಣಗಾರರ ಮನೆಯ ಮುಂದಿನ ಗಟಾರದಲ್ಲಿ ನಿಂತಿತು.

ದಾದಾಪೀರನ ಒಂದು ಮೊಣಕಾಲು ಕೆತ್ತಿ ಹೋಯಿತು, ಇನ್ನೊಂದು ನೀಲಿಯಾಯಿತು. ಕೆಟ್ಟ ಮನುಷ್ಯನಲ್ಲ, ಕುಂಟುತ್ತಲೇ ಬಂದು ಲೈನು ಎಳೆದ. ಮೂವತ್ತು ಮೀಟರಿದ್ದರೆ ಕಂಬದ ಮೇಲಿಂದ ಎತ್ತರಕ್ಕೆ ಒಯ್ಯಬಹುದಿತ್ತು. ಹದಿನೈದಕ್ಕೆ ಓಣಿಯನ್ನು ಅಡ್ಡ ದಾಟಿಸಿ, ಒಬ್ಬ ಆಳು ಕೈ ಎತ್ತಿದರೆ ಸಿಗುವಷ್ಟು ಎತ್ತರದಲ್ಲಿ ಕಟ್ಟಿದ. "ಇದರೊಳಗ ಗಾಜಿನ ಎಳಿ ಐತ್ರಿ, ಕೂದಲಕಿಂತ ಸಣ್ಣದು. ಅದರಾಗ ಬೆಳಕು ಓಡ್ತೈತಿ" ಎಂದು ಹೇಳಿ, ಗೋಡೆಗೆ ಡಬ್ಬಿ ತೂಗುಹಾಕಿ, ಹಸಿರು ದೀಪ ತೋರಿಸಿ ಹೋದ.

ಚೌಡವ್ವ ಮಗನನ್ನು ಕೂರಿಸಿಕೊಂಡಳು. "ನಾ ಹೇಳಿದ್ದು ಲೈನಿನ ಸ್ಪೀಡ್, ಸ್ಕೂಟರಿಂದಲ್ಲ. ಬಿದ್ದಾಗ ಆ ಡಬ್ಬಿ ಒಡದಿದ್ರ? ಅದು ನಾಜೂಕಿನ ಸಾಮಾನು. ಹೊಸಾ ಖಣ ಹೆಂಗ ಜೋಪಾನ ಮಾಡ್ತೀವಿ, ಹಂಗ ಜೋಪಾನ ಮಾಡು."

ಮರುದಿನ ಶನಿವಾರ, ಅವಳು ಕುಣಿಯಲ್ಲಿ ಕೂತು ತಂಗಿಗೆ ವಿಡಿಯೋ ಕರೆ ಮಾಡಿ ನೋಡಿದಳು. ಚಿತ್ರವಿಲ್ಲ, ಧ್ವನಿಯಿಲ್ಲ. ಗೋಡೆ ನೋಡಿದಳು, ಡಬ್ಬಿಯಿಲ್ಲ. ವೈರಿನ ಜಾಡು ಹಿಡಿದು ಹೋದರೆ ಅದು ಕಬ್ಬಿಣದ ಟ್ರಂಕಿನೊಳಕ್ಕೆ ಹೋಗಿತ್ತು. ಮುಚ್ಚಳ ತೆಗೆದಳು. ಹಳೆಯ ಧೋತರದ ಮೂರು ಮಡಿಕೆಯೊಳಗೆ, ಖಣಗಳ ನಡುವೆ, ಹಸಿರು ದೀಪ ಮಿಣುಕುತ್ತಿತ್ತು.

"ಬೇವಿನೆಲಿ ಯಾಕ ಹಾಕೀಯೋ?"

"ನುಸಿ ಹತ್ತಬಾರದಲ್ಲ ಯವ್ವ."

ಚೌಡವ್ವನಿಗೆ ನಗು ಬಂತು, ಅಳುವೂ ಬಂತು, ಎರಡಕ್ಕೂ ಬಿಡುವಿರಲಿಲ್ಲ. "ಕಬ್ಬಿಣದಾಗ ಮುಚ್ಚಿಟ್ರ ಅದು ಯಾರಿಗೂ ಸಿಗೂದಿಲ್ಲಪಾ. ಹೊರಗ ತಗಿ. ಎಲ್ಲಾರಿಗೂ ಸಿಗೂಹಂಗ ಇಡು."

ಎಲ್ಲರೆಂದರೆ ಮನೆಯ ಇಬ್ಬರು ಎಂಬುದು ಅವಳ ಮನಸ್ಸಿನಲ್ಲಿತ್ತು. ಬನಪ್ಪನ ಮನಸ್ಸಿನಲ್ಲಿ ಎಲ್ಲರೆಂದರೆ ಎಲ್ಲರೂ. ಭಾನುವಾರ ಮತ್ತೆ ಕರೆ ಮಾಡಿದಾಗ ತಂಗಿಯ ಮುಖ ಅರ್ಧ ಮೂಡಿ, ಮೇಲೊಂದು ಚಕ್ರ ತಿರುಗತೊಡಗಿತು. ತಿರುಗಿಯೇ ತಿರುಗಿತು. ಹೊರಗೆ ಬಂದು ನೋಡುತ್ತಾಳೆ: ಕಟ್ಟೆಯ ಮೇಲೆ ಹತ್ತೊಂಬತ್ತು ಜನ, ಹತ್ತೊಂಬತ್ತು ಫೋನು. ಬಾಗಿಲ ಪಕ್ಕದ ಗೋಡೆಯ ಮೇಲೆ ಸುಣ್ಣದಿಂದ ಗೇಣುದ್ದದ ಅಕ್ಷರಗಳಲ್ಲಿ ಪಾಸ್‌ವರ್ಡ್. ಎದುರು ಮನೆಯ ಸಂಗಪ್ಪ ಕುಸ್ತಿ ನೋಡುತ್ತಿದ್ದವನು ತಲೆ ಎತ್ತಿದ. "ಚೌಡಕ್ಕ, ನಿನ್ನ ಮಗ ದಾನಶೂರ ಆಗ್ಯಾನ ನೋಡು. ಆದ್ರ ಲೈನು ಭಾಳ ಸಾವಕಾಶ ಐತಿ."

"ಹತ್ತರ ಲೈನನ್ನ ಹತ್ತೊಂಬತ್ತು ಮಂದಿ ಜಗ್ಗಿದ್ರ ಇನ್ನೇನಾಗ್ತೈತಿ ಸಂಗಪ್ಪ. ಏಳ್ರಿ, ನಾಳೆ ನನ್ನ ಅನ್ನದ ಮಾತೈತಿ."

ಅವರು ಎದ್ದರು; ನೇಕಾರರಿಗೆ ಆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ದಾದಾಪೀರನನ್ನು ಫೋನಿನಲ್ಲಿ ಕೇಳಿ ಪಾಸ್‌ವರ್ಡ್ ಬದಲಿಸಿದ್ದಾಯಿತು, ಗೋಡೆ ತೊಳೆದದ್ದಾಯಿತು. ಚಿತ್ರ ನೀರಿನ ಹಾಗೆ ಹರಿಯಿತು. ಒಬ್ಬರಿಗೆ ಹತ್ತಾದರೂ ಸಾಕೆಂದು ಅವಳಿಗೆ ಸಮಾಧಾನವಾಯಿತು. ಮಗನಿಗೆ ಕೊನೆಯ ಬುದ್ಧಿ ಹೇಳಿದಳು: "ನಾಳೆ ಹನ್ನೊಂದಕ್ಕ ಬಾಗಲಾಗ ನಿಂದ್ರು. ಯಾರಿಗೂ ಏನೂ ಕೊಡಬ್ಯಾಡ. ಏನರ ಆದ್ರ ನನ್ನ ಕರೀಬ್ಯಾಡ, ಮಂದೀನೂ ಕರೀಬ್ಯಾಡ. ನಮ್ಮ ಕಸಬಿನ್ಯಾಗ ಹೆಂಗ ಮಾಡ್ತೀವಿ, ಹಂಗ ಸದ್ದಿಲ್ಲದ ನೀನ ಸರಿಮಾಡು."

ಸೋಮವಾರ ಹನ್ನೊಂದಕ್ಕೆ ಇಂದಿರಾಬಾಯಿ ಫೋನಿನ ತೆರೆಯ ಮೇಲೆ ಬಂದರು. ಮುಖ ಸ್ವಚ್ಛ, ಮಾತು ಸ್ವಚ್ಛ. ಚೌಡವ್ವ ಕುಂಕುಮ ಬಣ್ಣದ ಖಣ ಬಿಚ್ಚಿದಳು. "ಬಣ್ಣ ಈ ಸಲ ಚಲೋ ಕಾಣ್ತದ" ಎಂದರು ಅವರು. "ಅಂಚು ಸ್ವಲ್ಪ ಹತ್ರ ತರ್ರಿ" ಎಂದರು. ಅವಳು ತಂದಳು. ಅಷ್ಟರಲ್ಲಿ ಅವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

ಹೊರಗೆ ನಡೆದದ್ದು ಇಷ್ಟು. ಸಂಗಪ್ಪನ ಮನೆಯವರು ಗಂಜಿ ಹಚ್ಚಲು ಹೊಸ ಹಾಸಿನ ಉದ್ದ ಎಳೆಗಳನ್ನು ಓಣಿಯುದ್ದಕ್ಕೂ ಎಳೆದು ಕಟ್ಟುತ್ತಿದ್ದರು. ಎತ್ತಿದ ಬಿದಿರಿನ ಗಳ ಅಡ್ಡ ಹೋಗಿದ್ದ ಲೈನಿಗೆ ಸಿಕ್ಕಿ, ಲೈನು ತುಂಡಾಯಿತು. ಸಂಗಪ್ಪ ಗಾಬರಿಯಾದ. ಬನಪ್ಪ ಆಗಲಿಲ್ಲ. ಬೆರಳು ತುಟಿಯ ಮೇಲಿಟ್ಟು ಸುಮ್ಮನಿರಲು ಸನ್ನೆ ಮಾಡಿದ. ಅವರ ಗಂಜಿಯ ಬೋಗುಣಿಯನ್ನೇ ಹತ್ತಿರ ಎಳೆದುಕೊಂಡು ಕೂತ.

ಕರೆ ಕಡಿದು ಹತ್ತು ನಿಮಿಷವಾದರೂ ತಿರುಗಿ ಬಾರದಿದ್ದಾಗ ಚೌಡವ್ವ ಕುಣಿಯಿಂದ ಎದ್ದು ಬಂದಳು. ಮಗ ಲೈನಿನ ಒಂದು ಜಾಗಕ್ಕೆ ಮೆಲ್ಲಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ.

"ಏನೋ ಇದು?"

"ಎಳಿ ಹರದಿತ್ತು, ಕೂಡಿಸೀನಿ. ಗಂಜಿ ಒಣಗಲಿ ಯವ್ವ, ಇಂದಿರಾಬಾಯಿಯವ್ರು ಬರ್ತಾರ."

ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು. ಬಾಯಿಯವರು ಬಂದರು, ಸಾದಾ ಫೋನಿನಲ್ಲಿ. "ಚೌಡವ್ವಾ, ಗುರುವಾರ ಇನ್ನೊಮ್ಮೆ ನೋಡ್ತೀನಿ. ಅವತ್ತೂ ಕಾಣಲಿಲ್ಲಂದ್ರ ಬೇರೆಯವ್ರಿಗೆ ಹೇಳೂದು ನನಗ ಅನಿವಾರ್ಯ."

ದಾದಾಪೀರ ಬಂದ. ಸ್ಕೂಟರನ್ನು ದೂರ ನಿಲ್ಲಿಸಿ ಕುಂಟುತ್ತ ಬಂದು ಲೈನಿನ ಮೇಲೆ ಕೈಯಾಡಿಸಿದ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. "ಹರದದ್ದು ಎಲ್ಲಿ ಅಂತ ಸಿಗವಲ್ದಲ್ರೀ" ಎಂದ.

ಚೌಡವ್ವ ತಾನೇ ಎದ್ದು ಬೆರಳಿನಿಂದ ಹುಡುಕಿದಳು. ನಲವತ್ತು ವರ್ಷ ಎಳೆ ಮುಟ್ಟಿದ ಬೆರಳು. ಗಂಟಿಲ್ಲ, ಉಬ್ಬಿಲ್ಲ.

"ಎಲ್ಲಿ ಕೂಡಿಸೀಯೋ, ತೋರ್ಸು."

ಬನಪ್ಪ ತೋರಿಸಿದ. "ಒಳಗಿನ ಎಳಿ ಹೊಸೆದ್ರ ಮುರೀತಿತ್ತು. ಅದಕ್ಕ ತುದಿಗೆ ತುದಿ ಇಟ್ಟು ರೇಷ್ಮಿ ಸುತ್ತೀನಿ. ಮ್ಯಾಲೆ ಕರಿ ರೇಷ್ಮಿ. ದೇವರಿಗೂ ತಿಳೀಬಾರದು ಅಂದಿದ್ಯಲ್ಲ."

"ದೇವರಿಗೆ ತಿಳೀದಿದ್ರೂ ಬೆಳಕಿಗೆ ತಿಳೀತಪಾ. ಅದು ಅಲ್ಲೇ ನಿಂತೈತಿ" ಎಂದ ದಾದಾಪೀರ. ಸಂಗಪ್ಪನ ಮನೆಯವರು ನಕ್ಕರು. ಚೌಡವ್ವ ಆ ಕರಿ ರೇಷ್ಮೆಯ ಸುತ್ತನ್ನು ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಇಂಥ ಕೈಯನ್ನು ಇಷ್ಟು ವರ್ಷ ಆಫೀಸಿಗೆ, ಸಂತೆಗೆ ಅಟ್ಟುತ್ತಿದ್ದವಳು ತಾನೇ. ಎಳೆಯ ಲೆಕ್ಕ ಹೇಳಿದ ಹಾಗೆಯೇ ಇರಬೇಕಾದ, ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಆನೆಯ ಹೆಜ್ಜೆ ತಪ್ಪುವ ಜಾಗ ಮನೆಯಲ್ಲಿ ಒಂದೇ ಇತ್ತು, ಮಗ್ಗ. ಅಲ್ಲಿ ಅವಳು ಮಗನನ್ನು ಕೂರಿಸಿರಲಿಲ್ಲ.

ಬಿದಿರಿನ ಗಳ ಹಿಡಿದು ನಿಂತ ಸಂಗಪ್ಪನಿಗೂ, ಅವನ ಮನೆಯವರಿಗೂ, ದಾದಾಪೀರನಿಗೂ, ಬೀಸಣಿಗೆ ಹಿಡಿದ ಮಗನಿಗೂ ಕೇಳುವ ಹಾಗೆ ಚೌಡವ್ವ ಹೇಳಿದಳು:

"ನಾಳೆ ಮುಂಜಾನೆ ಆಫೀಸಿಗೆ ನಾ ಹೋಗ್ತೀನಿ. ಐನೂರು ಕೊಟ್ಟು ನಲವತ್ತರ ಲೈನು ತರ್ತೀನಿ, ಮೂವತ್ತು ಮೀಟರ್ ಪೂರಾ. ಬನಪ್ಪ ಮಗ್ಗದಾಗ ಕೂಡ್ತಾನ."