ಇರುವೆ ಉಳಿಸಿದ ಜಾಗ

ಕಾಡಿನ ನೆಟ್‌ವರ್ಕಿಗೆ ಜೇಡ ಒಂದು ಡ್ರೈವರ್ ಬರೆಯಿತು. ಹೊಳೆ ಉಕ್ಕಿದರೆ ಕಪ್ಪೆಯ ಎಚ್ಚರಿಕೆಯನ್ನು ಗೂಡಿನಿಂದ ಗೂಡಿಗೆ ಮುಟ್ಟಿಸುವ ಕೋಡ್ ಅದು. ಪರಿಶೀಲಿಸಿ ಒಪ್ಪಿಗೆ ಕೊಡಬೇಕಾದದ್ದು ಇರುವೆ. ಅಕ್ಕಿನುಚ್ಚನ್ನೂ ಬಿಡದೆ ಕೂಡಿಡುವ ಅದಕ್ಕೆ ಮೆಮೊರಿ ಚೂರು ಪೋಲಾದರೂ ಜೀವ ತಡೆಯದು.

“ಗೂಡಿನ ವಿಳಾಸ ಹೇಳುವ ಪಾಯಿಂಟರ್ ತೋರಿಸಿದ ಕಡೆ ಗೂಡಿದೆಯೋ ಇಲ್ಲವೋ ಅಂತ ಪ್ರತಿ ಸಲ ಯಾಕೆ ನೋಡುತ್ತೀಯ?” ಎಂದು ಇರುವೆ ಕೇಳಿತು.

“ಗೂಡು ಬಿಟ್ಟು ಹೋದವರ ಪಾಯಿಂಟರ್ ಖಾಲಿಯಾಗಿರುತ್ತದೆ. ನೋಡದೆ ಮುಂದುವರಿದರೆ ಡ್ರೈವರ್ ಅಲ್ಲೇ ಕುಸಿದು ಬೀಳುತ್ತದೆ,” ಎಂದಿತು ಜೇಡ.

“ಯಾರು ಬಿಟ್ಟು ಹೋಗುತ್ತಾರೆ? ಆ ಸಾಲುಗಳೆಲ್ಲ ದಂಡ. ತೆಗೆ, ಮೆಮೊರಿಯಲ್ಲಿ ಜಾಗ ಉಳಿಯಲಿ.”

ಜೇಡ ತೆಗೆಯಿತು. ಇರುವೆ ನೆಮ್ಮದಿಯಿಂದ ಒಪ್ಪಿಗೆ ಕೊಟ್ಟಿತು.

ಗುಬ್ಬಿ ಸಂಸಾರ ಸಮೇತ ಬೇರೆ ಮರಕ್ಕೆ ಹೋದ ವಾರವೇ ಹೊಳೆ ಉಕ್ಕಿತು. ಕಪ್ಪೆಯ ಎಚ್ಚರಿಕೆ ಗುಬ್ಬಿಯ ಖಾಲಿ ಪಾಯಿಂಟರಿನವರೆಗೆ ಬಂತು. ಅಲ್ಲಿಗೆ ಡ್ರೈವರ್ ಕುಸಿಯಿತು. ಗುಬ್ಬಿಯ ನಂತರದ ಸರದಿ ಇರುವೆಗಳ ಗೂಡಿನದಾಗಿತ್ತು.

ಇರುವೆ ಕೆಲಸ ಮುಗಿಸಿ ಬಂದಾಗ ಗೂಡಿದ್ದಲ್ಲಿ ಕೆಂಪು ನೀರು ನಿಂತಿತ್ತು. ಜೇಡ ಎಳೆ ಹಿಡಿದು ಮೆಲ್ಲಗೆ ಇಳಿದು ಬಂತು.

“ನೀವು ಉಳಿಸಿದ ಜಾಗ ಹಾಗೇ ಇದೆ,” ಎಂದಿತು. “ಅಲ್ಲಿ ಏನಿಡಲಿ?”

ಇಡುವುದಕ್ಕೆ ಇರುವೆಯ ಬಳಿ ಏನೂ ಉಳಿದಿರಲಿಲ್ಲ.