ಚೆಂಡು ಕಾಣದ ಗೋಲ್‌ಕೀಪರ್

"ಗುರುಗಳೇ, ಮೂರು ವರ್ಷದಿಂದ ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ಸಿಟ್ಟನ್ನು ಗೆದ್ದಿದ್ದೇನೆ ಎಂದು ತಿಳಿದು ಈ ಸಲ ನನಗೆ ದೀಕ್ಷೆ ಕೊಡಬಹುದಲ್ಲವೇ?" ಎಂದು ಕೊಟ್ರಯ್ಯ ಕೇಳಿದ. ಮೂರು ವರ್ಷದ ಹಿಂದೆ ಅಣ್ಣನೊಂದಿಗೆ ಜಗಳವಾಡಿ, ಇನ್ನು ಅವನ ಮುಖ ನೋಡುವುದಿಲ್ಲವೆಂದು ಶಪಥ ಮಾಡಿ ಮಠ ಸೇರಿದವನು ಅವನು. ಶಪಥದಂತೆ ಇಂದಿನವರೆಗೆ ನೋಡಿಯೂ ಇರಲಿಲ್ಲ.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ತಂಡವಿತ್ತು. ಆ ವರ್ಷ ಅದು ಹನ್ನೊಂದು ಪಂದ್ಯ ಆಡಿತು, ಹನ್ನೊಂದನ್ನೂ ಗೆದ್ದಿತು. ಎದುರಾಳಿಗಳು ಒಂದು ಗೋಲನ್ನೂ ಹೊಡೆಯಲಿಲ್ಲ. ಹೊಡೆಯುವ ಮಾತೆಲ್ಲಿ ಬಂತು, ತಂಡದ ಹಿಂಬದಿಯ ಆಟಗಾರರು ಚೆಂಡನ್ನು ಗೋಲ್‌ಕೀಪರನ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ಅವನ ಎತ್ತರ ನೋಡಿ ಆ ವರ್ಷದ ಮೊದಲ ಪಂದ್ಯದ ದಿನವೇ ತಂಡಕ್ಕೆ ಸೇರಿಸಿಕೊಂಡಿದ್ದರು. ಅವನು ಎರಡು ಕಂಬಗಳ ನಡುವೆ ನಿಂತು ದೂರದಲ್ಲಿ ನಡೆಯುವ ಆಟ ನೋಡುತ್ತಿದ್ದ. ಟಿಕೆಟ್ಟಿಲ್ಲದೆ ನೋಡಿದ್ದಷ್ಟೇ ಅವನ ಲಾಭ.

ಮೊದಲ ಪಂದ್ಯ ಗೆದ್ದ ಮೇಲೆ ತಂಡದವರು ಒಂದು ನೇಮ ಮಾಡಿಕೊಂಡರು. ಅಭ್ಯಾಸದಲ್ಲೂ ಯಾರೂ ಅವನತ್ತ ಚೆಂಡು ಒದೆಯಬಾರದು. ಒಂದೇ ಒಂದು ಒಳಗೆ ಹೋದರೂ ಅದೃಷ್ಟ ಕೆಡುತ್ತದೆ ಎಂದು ಅವರ ನಂಬಿಕೆ. ಪ್ರತಿ ಪಂದ್ಯಕ್ಕೂ ಮುಂಚೆ ಎಲ್ಲರೂ ಅವನ ಕೈಗವಸು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆ ಕೈಗವಸು ಸವೆದದ್ದು ಹಾಗೆ, ಚೆಂಡಿನಿಂದಲ್ಲ.

ಪಂದ್ಯಗಳು ಮುಗಿದವು. ಊರಿನವರು ಅವನನ್ನು ಕೋಟೆ ಎಂದು ಕರೆದರು. ರಾಜ್ಯ ತಂಡದ ಆಯ್ಕೆಗೆ ಬಾ ಎಂದು ಪತ್ರ ಬಂತು. ಯಾವ ಆಟಗಾರನಾದರೂ ಆಸೆಪಡುವ ಪತ್ರ ಅದು, ಅವನೂ ಆಸೆಪಟ್ಟಿದ್ದ. ಆದರೆ ಪತ್ರ ಹಿಡಿದ ಕೈಯನ್ನು ನೋಡಿಕೊಂಡಾಗ ಅವನಿಗೆ ಗಲಿಬಿಲಿಯಾಯಿತು. ಈ ಕೈಗೆ ಚೆಂಡು ಹಿಡಿಯಲು ಬರುತ್ತದೆಯೋ ಇಲ್ಲವೋ? ಬರುತ್ತದೆ ಎನ್ನೋಣವೆಂದರೆ ಹಿಡಿದದ್ದಿಲ್ಲ. ಬರುವುದಿಲ್ಲ ಎನ್ನೋಣವೆಂದರೆ ಬಿಟ್ಟದ್ದೂ ಇಲ್ಲ. ತಾನು ಹನ್ನೊಂದು ಪಂದ್ಯ ಗೆದ್ದವರಲ್ಲಿ ಒಬ್ಬನೋ ನೋಡಿದವರಲ್ಲಿ ಒಬ್ಬನೋ, ಅದೂ ಅವನಿಗೆ ಬಗೆಹರಿಯಲಿಲ್ಲ.

ಕೋಚ್ ಹತ್ತಿರ ಹೋಗಿ ಕೇಳಿದ. "ಸರ್, ನಂಗೆ ಚೆಂಡು ಹಿಡಿಯೋಕೆ ಬರುತ್ತಾ?"

"ತಲೆ ಕೆಟ್ಟಿದೆಯೇನೋ? ಇಡೀ ವರ್ಷ ಒಂದು ಗೋಲೂ ಬಿಟ್ಟಿಲ್ಲ ನೀನು!"

ಅದು ನಿಜ. ನಿಜವಾದ್ದರಿಂದಲೇ ಅವನ ಗೊಂದಲ ಇನ್ನೂ ಹೆಚ್ಚಿತು.

ಮರುದಿನ ಅವನು ಪಕ್ಕದ ಊರಿನ ಕಾಲೇಜಿಗೆ ಹೋದ. ಆಡಿದ ಪಂದ್ಯಗಳನ್ನೆಲ್ಲ ಸೋತ ಕಾಲೇಜು ಅದು. ಅಲ್ಲಿನ ಗೋಲ್‌ಕೀಪರನ ಮೂಗು ಸೊಟ್ಟಗಾಗಿತ್ತು, ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು.

"ನನ್ ಕಡೆ ಹತ್ತು ಚೆಂಡು ಒದೀತೀಯಾ?" ಎಂದು ಇವನು ಕೇಳಿದ.

ಸೋತವನು ಮೊದಲು ತನ್ನನ್ನು ಗೇಲಿ ಮಾಡುತ್ತಿದ್ದಾನೆಂದು ಸಿಡುಕಿದ. ಆಮೇಲೆ ಇವನ ಮುಖ ನೋಡಿ ಚೆಂಡು ತಂದು ಇಟ್ಟ.

ಮೊದಲನೆಯದು ಒಳಗೆ ಹೋಯಿತು. ಎತ್ತಲಿಂದ ಹೋಯಿತೆಂದೇ ಇವನಿಗೆ ತಿಳಿಯಲಿಲ್ಲ. ಎರಡನೆಯದೂ ಹೋಯಿತು. ಒಂಬತ್ತು ಹೋದವು. ಹತ್ತನೆಯದು ಬೆರಳ ತುದಿಗೆ ಬಡಿದು ಕಂಬದ ಆಚೆ ಬಿತ್ತು. ಬೆರಳು ಚುರುಚುರು ಉರಿಯಿತು. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ತಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ಅವನಿಗೇ ಗೊತ್ತಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವನು ಆಯ್ಕೆಗೆ ಹೋದನೇ?" ಎಂದು ಕೊಟ್ರಯ್ಯ ಕೇಳಿದ.

"ನಾಳೆ ನೀನು ನಿನ್ನ ಅಣ್ಣನ ಮನೆಗೆ ಊಟಕ್ಕೆ ಹೋಗಿ ಬಾ," ಎಂದರು ಗುರುಗಳು.

ಕೊಟ್ರಯ್ಯನ ಮುಖ ಕೆಂಪೇರಿತು.