ಪಿಸ್ಟನ್ನಿಗೆ ಬಂದ ಜ್ವರ

ಹರಿಹರದ ಹೊಳೆ ದಂಡೆಯಲ್ಲಿ ಪಂಚಾಕ್ಷರಪ್ಪನವರದೊಂದು ತಗಡಿನ ಶೆಡ್ಡು. ಒಳಗೆ ಎರಡು ಲೇತು, ಒಂದು ತಣ್ಣನೆಯ ಅಳತೆ ಕೋಣೆ, ಆರು ಜನ. ಅಲ್ಲಿ ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಹಾಗಾಗಿ ಊರವರು ಅದನ್ನು ‘ಆಶ್ರಮ’ ಎಂದು ಗೇಲಿ ಮಾಡುತ್ತಿದ್ದರು.

ಚಂದ್ರಕಲಾ ಆ ಆಶ್ರಮಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಹೊಸಬರಿಗೆ ಪಾಠ ಹೇಳುವವಳೂ ಅವಳೇ.

ಒಂದು ದಿನ ಗುರುಗಳಾದ ಪಂಚಾಕ್ಷರಪ್ಪನವರು ತಮ್ಮ ಬಲಗೈಯನ್ನು ಅವಳ ಮುಂದೆ ಚಾಚಿದರು. ಬೆರಳು ಸಣ್ಣಗೆ ನಡುಗುತ್ತಿದ್ದವು.

“ನನ್ನದು ಮುಗೀತು ಕಣವ್ವ,” ಅಂದರು. “ಪಂಪಿನ ಕಂಪನಿಯವರಿಗೆ ಈ ಸಲ ಜೋಡಿ ನೀನೇ ಮಾಡು. ಅವರು ಒಪ್ಪಿದರೆ ಶೆಡ್ಡು ನಿನ್ನದು. ಒಪ್ಪದಿದ್ದರೆ ಬೀಗ ಹಾಕಿ ಮನೇಲಿರ್ತೀನಿ.”

ಜೋಡಿ ಎಂದರೆ ಒಂದು ಪಿಸ್ಟನ್ನು, ಅದು ಓಡಾಡುವ ಒಂದು ಕೊಳವೆ. ಆಗ ತಾನೇ ಹುಟ್ಟಿದ ಕೂಸುಗಳಿಗೆ ಹನಿ ಹನಿ ಮದ್ದು ಬಿಡುವ ಪಂಪಿನೊಳಗೆ ಅದು ಕೂರಬೇಕು. ಪಿಸ್ಟನ್ನು ಪೆನ್ಸಿಲ್ಲಿನಷ್ಟು ದಪ್ಪ. ಅದಕ್ಕೂ ಕೊಳವೆಗೂ ನಡುವೆ ಬಿಡಬೇಕಾದ ಜಾಗವೋ, ತಲೆಗೂದಲನ್ನು ಎಪ್ಪತ್ತು ಸೀಳು ಮಾಡಿದರೆ ಅದರಲ್ಲೊಂದು ಸೀಳಿನಷ್ಟು! ಹೆಚ್ಚಾದರೆ ಮದ್ದು ಸೋರುತ್ತದೆ. ಕಮ್ಮಿಯಾದರೆ ಪಿಸ್ಟನ್ನು ಒಳಗೇ ಹೋಗುವುದಿಲ್ಲ.

ನಲವತ್ತು ದಿನ ಚಂದ್ರಕಲಾ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ನಲವತ್ತೊಂದನೆಯ ದಿನ ಪಿಸ್ಟನ್ನು ಕೊಳವೆಯೊಳಗೆ ಉಸಿರು ಬಿಟ್ಟ ಹಾಗೆ ಮೆಲ್ಲಗೆ ಇಳಿಯಿತು.

ಕಂಪನಿಯವರು ಅದನ್ನು ನೋಡುವುದು ಬೆಂಗಳೂರಿನ ಸೂಕ್ಷ್ಮ ಬಿಡಿಭಾಗಗಳ ಮೇಳದಲ್ಲಿ ಎಂದಾಯಿತು. ಗುರು ಶಿಷ್ಯೆ ಬಸ್ಸು ಹತ್ತಿದರು.

ಬಸ್ಸು ಕುಲುಕಿದಾಗಲೆಲ್ಲ ಅವಳು ಜೋಡಿಯಿದ್ದ ಡಬ್ಬಿಯನ್ನು ಮುಟ್ಟಿ ನೋಡುತ್ತಿದ್ದಳು. ದಾವಣಗೆರೆ ದಾಟುವುದರೊಳಗೆ ತಡೆಯಲಾಗಲಿಲ್ಲ. ಕೊಳವೆಯನ್ನು ಡಬ್ಬಿಯಲ್ಲೇ ಬಿಟ್ಟು, ಎಣ್ಣೆಬಟ್ಟೆ ಸುತ್ತಿದ್ದ ಪಿಸ್ಟನ್ನನ್ನು ಮಾತ್ರ ತೆಗೆದು ಮುಷ್ಟಿಯಲ್ಲಿ ಹಿಡಿದಳು. ಮೇಳದ ಬಾಗಿಲು ದಾಟಿದರೂ ಆ ಮುಷ್ಟಿ ಬಿಚ್ಚಲಿಲ್ಲ. ಗುರುಗಳು ಒಮ್ಮೆ ಅದನ್ನು ನೋಡಿದರು, ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿದರು.

ಮೇಳವೆಂದರೆ ಅದೊಂದು ಬೇರೆಯದೇ ಲೋಕ. ಸಾಸಿವೆ ಕಾಳಿನಷ್ಟು ಸ್ಕ್ರೂ, ಇರುವೆ ಹೊತ್ತೊಯ್ಯಬಹುದಾದ ಗಿಯರು. ದೊಡ್ಡ ದೊಡ್ಡ ಮನುಷ್ಯರೆಲ್ಲ ಬಗ್ಗಿ, ಭೂತಗನ್ನಡಿಯಲ್ಲಿ ಕಣ್ಣಿಟ್ಟು ನಿಂತಿದ್ದರು. ಒಳಗೆ ಏಸಿ ತಣ್ಣಗೆ ಬೀಸುತ್ತಿತ್ತು.

ಅವರಿಗೆ ಕೊಟ್ಟಿದ್ದ ಮಳಿಗೆಯ ಮೇಜಿನ ಮೇಲೆ ಅಳತೆಗೆಂದು ಒಂದು ಕರಿಕಲ್ಲಿನ ಹಾಸು ಇತ್ತು. ಚಂದ್ರಕಲಾ ಮೊದಲು ಕೊಳವೆಯನ್ನು ಅದರ ಮೇಲಿಟ್ಟು ಒಂದೇ ಕೈಯಲ್ಲಿ ಮಳಿಗೆ ಜೋಡಿಸಿದಳು. ಎಲ್ಲ ಮುಗಿದ ಮೇಲೆ ಮುಷ್ಟಿ ಬಿಚ್ಚಿ, ಬಟ್ಟೆ ತೆಗೆದು, ಪಿಸ್ಟನ್ನನ್ನು ಕೊಳವೆಯ ಬಾಯಿಗಿಟ್ಟಳು.

ಹೋಗಲಿಲ್ಲ.

ಒರೆಸಿ ಮತ್ತೆ ಇಟ್ಟಳು. ಊಹೂಂ.

ಅವಳು ಗುರುಗಳ ಕಡೆ ತಿರುಗಿದಳು. “ಗುರುಗಳೇ, ನಿನ್ನೆ ಹೋಗಿತ್ತಲ್ಲ!”

“ಹೋಗಿತ್ತು.”

“ಇವತ್ತೇನಾಯ್ತು ಇದಕ್ಕೆ?”

“ಜ್ವರ ಬಂದಿದೆ.”

ಅವಳಿಗೆ ಮೈಯೆಲ್ಲ ಉರಿಯಿತು. ತಮಾಷೆ ಮಾಡುವ ಹೊತ್ತೇ ಇದು? ಚೀಲಕ್ಕೆ ಕೈ ಹಾಕಿ ಉಕ್ಕನ್ನು ಉಜ್ಜಿ ಸವೆಸುವ ಪೇಸ್ಟಿನ ಡಬ್ಬಿ ತೆಗೆದಳು. “ಒಂದೇ ಒಂದು ಸುತ್ತು ಉಜ್ಜಿಬಿಡ್ತೀನಿ. ಹೋಗೇ ಹೋಗುತ್ತೆ.”

ಗುರುಗಳು ಆ ಡಬ್ಬಿಯನ್ನು ಕಸಿದು ತಮ್ಮ ಜುಬ್ಬದ ಜೇಬಿಗೆ ಇಳಿಸಿಕೊಂಡರು.

“ಬಾವು ಬಂದ ಕಾಲಿಗೆ ಯಾರಾದರೂ ಚಪ್ಪಲಿ ಅಳತೆ ಕೊಡ್ತಾರೇನವ್ವ?”

ಪಿಸ್ಟನ್ನನ್ನು ಚಿಮಟದಲ್ಲಿ ಎತ್ತಿ ಕಲ್ಲಿನ ಮೇಲೆ ಮಲಗಿಸಿದರು. “ಇದನ್ನ ಮುಟ್ಟಬೇಡ. ಹೋಗು, ಮೇಳ ನೋಡ್ಕೊಂಡು ಬಾ.”

“ಹನ್ನೊಂದಕ್ಕೆ ಅವರು ಬರ್ತಾರೆ ಗುರುಗಳೇ!”

“ಬರಲಿ.”

ಅವಳು ಹೋದಳು, ಆದರೆ ಏನನ್ನೂ ನೋಡಲಿಲ್ಲ. ಹದಿನಾಲ್ಕು ವರ್ಷ ನೀರಲ್ಲಿ ಹೋಮವಾಯಿತಲ್ಲಪ್ಪ ಶಿವನೇ, ಎಂದುಕೊಳ್ಳುತ್ತಾ ಎರಡು ಸುತ್ತು ಹಾಕಿದಳು. ಶೆಡ್ಡಿಗೆ ಬೀಗ ಬಿದ್ದರೆ ಅಲ್ಲಿ ಜೊತೆಗೆ ದುಡಿಯುವವರಿಗೆ ಯಾವ ಮುಖ ಹೊತ್ತುಕೊಂಡು ಏನು ಹೇಳುವುದು?

ವಾಪಸು ಬಂದರೆ ಗಂಟೆ ಇನ್ನೂ ಹತ್ತೂವರೆ, ಕಂಪನಿಯ ಇನಾಮದಾರರು ಆಗಲೇ ಮಳಿಗೆಯೊಳಗೆ ನಿಂತಿದ್ದರು!

“ಲಗೂನ ಬಂದೆ ಬಿಡ್ರಿ,” ಅಂದರು ಧಾರವಾಡದ ಆ ಮನುಷ್ಯ. “ಎಲ್ಲೈತ್ರಿ ಪಿಸ್ಟನ್ನು?”

“ಮಲಗಿದೆ,” ಅಂದರು ಗುರುಗಳು. “ಕಾಫಿ ಕುಡೀರಿ.”

ಚಂದ್ರಕಲಾಗೆ ನೆಲ ಬಿರಿದರೆ ಸಾಕೆನಿಸಿತು. ಆದರೆ ಇನಾಮದಾರರು ಕಲ್ಲನ್ನು ನೋಡಿದರು, ಅದರ ಮೇಲಿನ ಪಿಸ್ಟನ್ನನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಕಾಫಿಯನ್ನು ಗುಟುಕು ಗುಟುಕಾಗಿ ಕುಡಿದರು. ಲೋಟ ಖಾಲಿಯಾಗುವುದೇ ಇಲ್ಲವೇನೋ ಎನಿಸಿತು ಅವಳಿಗೆ.

“ಹ್ಞೂಂ ಕಲಾ,” ಅಂದರು ಗುರುಗಳು. “ಈಗ ಎಬ್ಬಿಸು.”

ಅವಳು ಚಿಮಟದಿಂದ ಪಿಸ್ಟನ್ನನ್ನು ಎತ್ತಿ ಕೊಳವೆಯ ಬಾಯಿಗಿಟ್ಟು ಬಿಟ್ಟಳು.

ಪಿಸ್ಟನ್ನು ಒಂದು ಕ್ಷಣ ನಿಂತಿತು. ಆಮೇಲೆ ಯಾವ ಅವಸರವೂ ಇಲ್ಲದೆ, ತನ್ನ ಮನೆಗೆ ತಾನು ಹೋದ ಹಾಗೆ ಒಳಗೆ ಇಳಿಯಿತು. ಇಳಿಯುತ್ತಲೇ ಇತ್ತು. ಇನಾಮದಾರರು ಗಡಿಯಾರ ನೋಡಿದರು, ಕೊಳವೆಯನ್ನು ಬೆಳಕಿಗೆ ಹಿಡಿದರು, ಇನ್ನೂ ಮೂರು ಸಲ ಇಳಿಸಿ ನೋಡಿದರು. ನಾಲ್ಕೂ ಸಲ ಅದೇ ಹೊತ್ತು, ಕೂದಲಷ್ಟೂ ಆಚೆ ಈಚೆ ಇಲ್ಲ.

“ಪಾಸ್ ಆತ್ರಿ,” ಅಂದು ಕಾಗದಕ್ಕೆ ಸಹಿ ಹಾಕಿದರು. ಏಳುವಾಗ ಕೇಳಿದರು, “ಊರಿಂದ ಇದನ್ನ ಕೈಯಾಗ ಹಿಡಕೊಂಡ ಬಂದಿದ್ರೇನ್ರಿ ತಂಗಿ?”

ಚಂದ್ರಕಲಾ ತನ್ನ ಅಂಗೈ ನೋಡಿಕೊಂಡಳು. ಅಯ್ಯೋ! ಕೈ ಬಿಸಿಗೆ ಉಕ್ಕು ಉಬ್ಬುತ್ತದೆ, ತಣ್ಣಗಾಗದೆ ಅಳೆಯಬಾರದು. ಹೊಸಬರಿಗೆ ಅವಳು ಮೊದಲ ದಿನ ಹೇಳಿಕೊಡುವ ಪಾಠವೇ ಅದು. ಬಿಸಿಯಲ್ಲಿ ಒಂದು ಸುತ್ತು ಉಜ್ಜಿದ್ದರೂ, ತಣಿದ ಮೇಲೆ ಪಿಸ್ಟನ್ನು ಸಡಿಲವಾಗಿ ಗುಜರಿಗೆ ಹೋಗುತ್ತಿತ್ತು.

ಇನಾಮದಾರರು ಅತ್ತ ಹೋದರು. ಇತ್ತ ಅವಳಿಗೆ ಹೋದ ಜೀವ ಬಂದಂತಾಗಿ ನಗುವೂ ಅಳುವೂ ಒಟ್ಟಿಗೇ ನುಗ್ಗಿದವು. ಸೆರಗಿನಿಂದ ಕಣ್ಣೊರೆಸಿಕೊಂಡು, ಹಗುರಾದ ಮೈಯನ್ನು ಕುರ್ಚಿಗೆ ಚೆಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಸಿಟ್ಟೂ ಬಂತು.

“ಬಸ್ಸಿನಲ್ಲೇ ನೋಡಿದ್ರಲ್ಲ ಗುರುಗಳೇ. ‘ಮುಷ್ಟಿ ಬಿಚ್ಚು’ ಅಂತ ಒಂದು ಮಾತು ಹೇಳಬಾರದಿತ್ತಾ?”

ಪಂಚಾಕ್ಷರಪ್ಪನವರು ಜೇಬಿನಿಂದ ಪೇಸ್ಟಿನ ಡಬ್ಬಿ ತೆಗೆದು ಅವಳ ಮುಂದಿಟ್ಟರು.

“ಹೇಳಿದ್ದರೆ, ಆ ಮಾತನ್ನ ಇನ್ನೊಂದು ಮುಷ್ಟೀಲಿ ಹಿಡ್ಕೊಂಡು ಬರ್ತಿದ್ದೆ ಕಣವ್ವ.”